ಬಾಗಿಲ ಹೊರಗೆ ನಿಂತವರು

ಪ್ರೀತಿಯ ಪುಟ್ಟಿ,

ಮೊನ್ನೆ ಭಾನುವಾರ ಸಿನಿಮಾ ಮುಗಿದ ಮೇಲೆ ನಾವಿಬ್ಬರೂ ಜಗಳ ಆಡಿದೆವಲ್ಲ, ಅದರಲ್ಲಿ ತಪ್ಪು ನನ್ನದು. ಸಿನಿಮಾದಲ್ಲಿ ತಂಗಿಯ ಮೇಲೆ ಮುನಿಸಿಕೊಂಡ ಆ ಅಕ್ಕನ ಪಾತ್ರ ನೋಡಿ ನೀನು "ಅವಳಿಗೆ ಹೊಟ್ಟೆಕಿಚ್ಚು, ಅಷ್ಟೇ" ಅಂದೆ. ನಾನು "ನಿನಗೇನು ಗೊತ್ತು, ದೊಡ್ಡವಳಾದ ಮೇಲೆ ಅರ್ಥ ಆಗುತ್ತೆ" ಅಂದುಬಿಟ್ಟೆ. ಅದು ಉತ್ತರ ಅಲ್ಲ, ಬಾಯಿ ಮುಚ್ಚಿಸುವ ಉಪಾಯ. ನೀನು ಎದ್ದು ಹೋಗುವಾಗ ತಿರುಗಿ ಕೇಳಿದ್ದು ಮಾತ್ರ ನನ್ನ ತಲೆಯಿಂದ ಹೋಗುತ್ತಿಲ್ಲ: "ಹಾಗಾದ್ರೆ ಯಾರು ಹೇಗೆ ಬೇಕಾದ್ರೂ ಅರ್ಥ ಮಾಡ್ಕೋಬಹುದಾ? ಸರಿ ತಪ್ಪು ಅಂತ ಇಲ್ವಾ?"

ಫೋನಿನಲ್ಲಿ ಹೇಳಲು ಹೋದರೆ ಮತ್ತೆ ಜಗಳವೇ ಆಗುತ್ತದೆ. ಅದಕ್ಕೆ ಬರೆಯುತ್ತಿದ್ದೇನೆ.

ಆ ಸಿನಿಮಾ ನೋಡುವಾಗಲೇ ನನಗೆ ತಪ್ಪಿಹೋದ ಮಗನ ಸಾಮ್ಯ, ಅಂದರೆ ಯೇಸು ಹೇಳಿದ ನೀತಿಕಥೆ, ನೆನಪಾಗಿತ್ತು. ಬೈಬಲಿನ ಲೂಕನ ಸುವಾರ್ತೆ, 15ನೇ ಅಧ್ಯಾಯ. ಸಂಡೇ ಸ್ಕೂಲಿನಲ್ಲಿ ನೀನೂ ಕೇಳಿದ್ದೀಯ. ಕಿರಿಯ ಮಗ ಆಸ್ತಿಯಲ್ಲಿ ತನ್ನ ಪಾಲು ತೆಗೆದುಕೊಂಡು ಹೋಗುತ್ತಾನೆ. ಎಲ್ಲ ಹಾಳು ಮಾಡಿ ಹಂದಿ ಮೇಯಿಸುವ ಕೆಲಸಕ್ಕೆ ಇಳಿಯುತ್ತಾನೆ. ವಾಪಸ್ ಬರುತ್ತಾನೆ, ಅಪ್ಪ ಓಡಿ ಬಂದು ತಬ್ಬಿಕೊಳ್ಳುತ್ತಾನೆ. ನಮಗೆ ಹೇಳಿಕೊಟ್ಟವರು ಅಲ್ಲಿಗೇ ನಿಲ್ಲಿಸುತ್ತಿದ್ದರು. ಬಣ್ಣ ಹಚ್ಚಲು ಕೊಡುತ್ತಿದ್ದ ಚಿತ್ರದಲ್ಲೂ ಅಪ್ಪ, ಕಿರಿಯ ಮಗ ಇಬ್ಬರೇ. ಆದರೆ ಕಥೆ ಶುರುವಾಗುವುದೇ ಒಬ್ಬನಿಗೆ ಇಬ್ಬರು ಮಕ್ಕಳಿದ್ದರು ಅಂತ. ಎರಡನೆಯವನನ್ನು ಬಿಟ್ಟರೆ ಅರ್ಧ ಕಥೆ ಬಿಟ್ಟ ಹಾಗೆ.

ದೊಡ್ಡ ಮಗ ಹೊಲದಿಂದ ಬರುತ್ತಾನೆ. ಮನೆಯಲ್ಲಿ ಹಾಡು, ಕುಣಿತ. ಏನೆಂದು ಆಳನ್ನು ಕೇಳಿ ತಿಳಿದುಕೊಳ್ಳಬೇಕಾಗುತ್ತದೆ. ಗಮನಿಸಿದೆಯಾ? ಔತಣ ಶುರುವಾಗಿದೆ, ಅವನಿಗೆ ಯಾರೂ ಹೇಳಿಕಳಿಸಿಲ್ಲ. ಸಿಟ್ಟು ಬಂದು ಹೊರಗೇ ನಿಲ್ಲುತ್ತಾನೆ. ಆಗ ಅಪ್ಪನೇ ಹೊರಗೆ ಬಂದು ಕರೆಯುತ್ತಾನೆ. ಅಲ್ಲಿ ಅವನು ಆಡುವ ಮಾತನ್ನು ನಿಧಾನವಾಗಿ ಓದು. "ನನ್ನ ತಮ್ಮ" ಅನ್ನುವುದಿಲ್ಲ, "ನಿನ್ನ ಈ ಮಗ" ಅನ್ನುತ್ತಾನೆ. ಸೂಳೆಯರಿಗೆ ಸುರಿದು ಹಾಳು ಮಾಡಿದ ಅನ್ನುತ್ತಾನೆ. ಕಥೆ ಹೇಳುವವರು ಆ ಮಾತು ಎಲ್ಲೂ ಹೇಳಿಲ್ಲ, ಮನಸ್ಸಿಗೆ ಬಂದ ಹಾಗೆ ಬದುಕಿ ದುಡ್ಡು ಕಳೆದ ಅಂತಷ್ಟೇ ಇರುವುದು. ಇವನಿಗೆ ಹೇಗೆ ಗೊತ್ತಾಯಿತು? ಹೊಲದಲ್ಲಿ ಒಬ್ಬನೇ ಕೆಲಸ ಮಾಡುತ್ತಾ ವರ್ಷಗಟ್ಟಲೆ ತಮ್ಮನ ಬಗ್ಗೆ ಕಲ್ಪಿಸಿಕೊಂಡಿರಬೇಕು ಅಂತ ನನಗೆ ಅನ್ನಿಸುತ್ತದೆ. ಅಪ್ಪನ ಉತ್ತರ ಇನ್ನೂ ಚೆನ್ನಾಗಿದೆ. ಬೈಯುವುದಿಲ್ಲ. "ನಿನ್ನ ಈ ತಮ್ಮ" ಅನ್ನುತ್ತಾನೆ. ಮಗ ಕಿತ್ತು ಹಾಕಿದ ಸಂಬಂಧವನ್ನು ಒಂದೇ ಪದದಲ್ಲಿ ಮತ್ತೆ ಅಂಟಿಸುತ್ತಾನೆ.

ಕಿರಿಯವನನ್ನೂ ಹೀಗೇ ನೋಡಬಹುದು. ಅವನು ಹೊರಟಿದ್ದು ಪಶ್ಚಾತ್ತಾಪದಿಂದಲೋ ಹಸಿವಿನಿಂದಲೋ? ಅಪ್ಪನ ಮನೆಯ ಕೂಲಿಯವರಿಗೂ ಹೊಟ್ಟೆ ತುಂಬ ಊಟ ಇದೆ ಅನ್ನುವುದೇ ಅವನ ಮೊದಲ ಯೋಚನೆ. ಹಂದಿಗಳ ಮಧ್ಯೆ ಕೂತು ಒಂದು ಭಾಷಣ ತಯಾರು ಮಾಡಿಕೊಳ್ಳುತ್ತಾನೆ. ಅದರ ಕೊನೆಯ ಸಾಲು, ನನ್ನನ್ನು ಕೂಲಿಯವನ ಹಾಗೆ ಇಟ್ಟುಕೋ ಅಂತ. ಅಪ್ಪನ ಮುಂದೆ ನಿಂತು ಹೇಳುವಾಗ ಆ ಸಾಲು ಬರುವುದೇ ಇಲ್ಲ, ಅಷ್ಟರಲ್ಲಿ ಅಪ್ಪ ಬಟ್ಟೆ ತನ್ನಿ, ಉಂಗುರ ತನ್ನಿ ಅಂತ ಆಳುಗಳನ್ನು ಕೂಗುತ್ತಿರುತ್ತಾನೆ. ಇದೆಲ್ಲ ನನ್ನ ಜಾಣತನ ಅಲ್ಲ ಪುಟ್ಟಿ. ಬರೆದದ್ದನ್ನೇ ಎರಡು ಸಲ ಓದಿದರೆ ಸಿಗುವುದು.

ಈ ಕಥೆಯನ್ನು ಯಾರಿಗೆ ಹೇಳಿದ್ದು ಅನ್ನುವುದೂ ಅದೇ ಅಧ್ಯಾಯದ ಮೊದಲ ಎರಡು ವಚನಗಳಲ್ಲಿದೆ. ಸುಂಕದವರೂ ಪಾಪಿಗಳೂ ಯೇಸುವಿನ ಹತ್ತಿರ ಬರುತ್ತಿದ್ದರು. ಇವನು ಅಂಥವರ ಜೊತೆ ಕೂತು ಊಟ ಮಾಡುತ್ತಾನೆ ಅಂತ ಧರ್ಮದ ವಿಷಯದಲ್ಲಿ ಕಟ್ಟುನಿಟ್ಟಿನವರಾದ ಫರಿಸಾಯರು, ಶಾಸ್ತ್ರಿಗಳು ಗೊಣಗುತ್ತಿದ್ದರು. ಊಟದ ಮನೆಯ ಹೊರಗೆ ನಿಂತು ಗೊಣಗುವವರು! ಅಂದರೆ ದೊಡ್ಡ ಮಗನ ಭಾಗ ಕಥೆಯ ಬಾಲ ಅಲ್ಲ, ಕಥೆ ಹುಟ್ಟಿದ್ದೇ ಅವನಂಥವರ ಮುಂದೆ. ಅವನು ಒಳಗೆ ಹೋದನೋ ಇಲ್ಲವೋ ಅಂತ ಲೂಕ ಹೇಳುವುದಿಲ್ಲ. ಅಪ್ಪನ ಮಾತಿಗೆ ಕಥೆ ನಿಂತುಬಿಡುತ್ತದೆ.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಹೇಗೆ ಬೇಕಾದರೂ ಅರ್ಥ ಮಾಡಿಕೊಳ್ಳಲು ಆಗುವುದಿಲ್ಲ. ದೊಡ್ಡ ಮಗ ಕೊನೆಗೆ ಒಳಗೆ ಹೋದ ಅಂತ ನೀನು ಹೇಳಿದರೆ ಅದು ನಿನ್ನ ಆಸೆ. ಅವನು ತಮ್ಮ ಅನ್ನುವ ಪದ ಬಳಸಲಿಲ್ಲ ಅಂದರೆ ಅದು ಅಲ್ಲಿ ಇರುವುದು. ಇವೆರಡನ್ನೂ ಬೇರೆ ಬೇರೆ ಇಟ್ಟುಕೊಂಡರೆ ಅರ್ಧ ಜಗಳ ಕಡಿಮೆಯಾಗುತ್ತದೆ. ಆದರೆ ಅದು ಅಷ್ಟು ಸುಲಭ ಅಲ್ಲ, ಅಲ್ಲಿ ಇಲ್ಲದ್ದನ್ನು ನಾವು ಗೊತ್ತಾಗದೆ ಸೇರಿಸಿಬಿಡುತ್ತೇವೆ. ಆದಾಮ, ಹವ್ವರ ಏದೆನ್ ತೋಟದ ಕಥೆಯಲ್ಲಿ ಸೇಬು ಇಲ್ಲ, ಬರೀ ಹಣ್ಣು. ಯೇಸು ಹುಟ್ಟಿದಾಗ ಜೋಯಿಸರು ಬಂದರು ಅಂತ ಮತ್ತಾಯ ತನ್ನ ಸುವಾರ್ತೆಯಲ್ಲಿ ಹೇಳುತ್ತಾನೆ, ಮೂವರು ಅನ್ನುವುದಿಲ್ಲ. ಕಾಣಿಕೆ ಮೂರು ಇದ್ದದ್ದಕ್ಕೆ ಜನರೂ ಮೂವರಾದರು. ಇವು ಯಾರಿಗೂ ನೋವು ಮಾಡದ ತಪ್ಪುಗಳು, ಬಿಡು.

ಯೇಸುವಿನ ಶಿಷ್ಯೆ ಮಗ್ದಲದ ಮರಿಯಳ ವಿಷಯ ಹಾಗಲ್ಲ. ಅವಳು ವೇಶ್ಯೆ ಅಂತ ನಾಲ್ಕು ಸುವಾರ್ತೆಗಳಲ್ಲಿ ಒಂದರಲ್ಲೂ ಇಲ್ಲ. ಅವಳಿಂದ ಏಳು ದೆವ್ವಗಳು ಬಿಟ್ಟು ಹೋಗಿದ್ದವು ಅಂತ ಲೂಕ ಬರೆಯುತ್ತಾನೆ. ಯೇಸುವಿನ ಬರಿದಾದ ಸಮಾಧಿಯ ಹತ್ತಿರ ಅವಳು ಇದ್ದಳು ಅಂತ ನಾಲ್ವರೂ ಬರೆಯುತ್ತಾರೆ. ಆದರೆ 591ರಲ್ಲಿ ಪೋಪ್ ಗ್ರೆಗೊರಿ ಒಂದು ಪ್ರವಚನದಲ್ಲಿ ಅವಳನ್ನೂ ಹೆಸರಿಲ್ಲದ ಇನ್ನೊಬ್ಬ ಪಾಪಿ ಹೆಂಗಸನ್ನೂ ಒಂದೇ ಮಾಡಿದರು. ಕ್ಯಾಥೋಲಿಕ್ ಚರ್ಚ್ ತನ್ನ ಹಬ್ಬಗಳ ಪಟ್ಟಿ ತಿದ್ದಿ ಅವರನ್ನು ಬೇರೆ ಬೇರೆ ಮಾಡಿದ್ದು 1969ರಲ್ಲಿ. ಸಾವಿರದ ಮುನ್ನೂರು ವರ್ಷಕ್ಕೂ ಜಾಸ್ತಿ ಆಯಿತು. ಚಿತ್ರ ಬರೆಯುವವರು, ಸಿನಿಮಾ ತೆಗೆಯುವವರು ಇನ್ನೂ ಬಿಟ್ಟಿಲ್ಲ. ಸುಮ್ನೆ ಒಬ್ಬರು ಸೇರಿಸಿದ ಅರ್ಥ ಒಂದು ಹೆಂಗಸಿನ ಹೆಸರನ್ನು ಎಷ್ಟು ದಿನ ಹಿಡಿದುಕೊಂಡಿತ್ತು ನೋಡು.

ಸಿನಿಮಾದಲ್ಲಿ ಈ ಸೇರಿಸುವ ಕೆಲಸ ನಮ್ಮ ಕಣ್ಣೇ ಮಾಡುತ್ತದೆ. ಸುಮಾರು ನೂರು ವರ್ಷದ ಹಿಂದೆ ರಷ್ಯಾದಲ್ಲಿ ಲೆವ್ ಕುಲೆಶೋವ್ ಅನ್ನುವ ನಿರ್ದೇಶಕ ಒಂದು ಪ್ರಯೋಗ ಮಾಡಿದ. ಒಬ್ಬ ನಟನ ಮುಖ, ಯಾವ ಭಾವವೂ ಇಲ್ಲದ್ದು. ಅದರ ಪಕ್ಕಕ್ಕೆ ಒಂದು ಸಲ ಸೂಪಿನ ಬಟ್ಟಲು, ಒಂದು ಸಲ ಶವಪೆಟ್ಟಿಗೆ, ಹೀಗೆ ಬೇರೆ ಬೇರೆ ಶಾಟ್ ಜೋಡಿಸಿದ. ಮುಖ ಎಲ್ಲ ಕಡೆ ಅದೇ. ನೋಡಿದವರು ಮಾತ್ರ ಇಲ್ಲಿ ಹಸಿವು, ಅಲ್ಲಿ ದುಃಖ ಎಷ್ಟು ಚೆನ್ನಾಗಿ ತೋರಿಸಿದ್ದಾನೆ ಅಂತ ನಟನನ್ನು ಹೊಗಳಿದರಂತೆ.

ಇದು ನೆನಪಾಗಿ ಆ ಸಿನಿಮಾವನ್ನು ಮೊನ್ನೆ ರಾತ್ರಿ ಇನ್ನೊಂದು ಸಲ ಹಾಕಿ ನೋಡಿದೆ. (ಸೌಂಡ್ ಇಲ್ಲದೆ. ಒಂದು ಸಲ ಹಾಗೆ ನೋಡು, ಕ್ಯಾಮೆರಾ ಮಾಡುವ ಕಳ್ಳಾಟ ಎಲ್ಲ ಕಾಣಿಸುತ್ತದೆ.) ತಂಗಿ ಬಸ್ಸಿನಲ್ಲಿ ಅಳುವುದನ್ನು ನಾವು ನೋಡುತ್ತೇವೆ. ತಂಗಿ ಹಳೆಯ ಫೋಟೋ ತೆಗೆದು ನೋಡುವಾಗ ಅವಳ ಹೆಗಲ ಮೇಲಿಂದ ನಾವೂ ಇಣುಕುತ್ತೇವೆ. ಅಕ್ಕ ಬರುವುದೆಲ್ಲ ದೂರದಿಂದ, ಬಾಗಿಲ ಸಂದಿಯಿಂದ, ಬೆನ್ನು ಮಾಡಿಕೊಂಡು. ಅವಳು ಒಬ್ಬಳೇ ಇರುವ ದೃಶ್ಯ ಇಡೀ ಸಿನಿಮಾದಲ್ಲಿ ಒಂದೇ, ಅದೂ ಅರ್ಧ ನಿಮಿಷ. ಅಷ್ಟು ಹೊತ್ತು ತಂಗಿಯ ಹೆಗಲ ಮೇಲೆ ಕೂರಿಸಿದರೆ ಯಾರಿಗಾದರೂ ಅಕ್ಕ ಕೆಟ್ಟವಳಾಗಿಯೇ ಕಾಣುತ್ತಾಳೆ. ನೀನು ಹೊಟ್ಟೆಕಿಚ್ಚು ಅಂದದ್ದು ತಪ್ಪಾಗಿ ನೋಡಿ ಅಲ್ಲ, ಅವರು ಕೂರಿಸಿದ ಜಾಗದಿಂದ ನೋಡಿ. ಕಾದಂಬರಿಯಲ್ಲೂ ಅಷ್ಟೇ. "ನಾನು" ಅಂತ ಕಥೆ ಹೇಳುವವರನ್ನು ನಾವು ಬೇಗ ನಂಬಿಬಿಡುತ್ತೇವೆ.

ಯಾರು ಮಾತಾಡುತ್ತಿದ್ದಾರೆ ಅನ್ನುವುದನ್ನು ಮರೆತರೆ ದೊಡ್ಡ ಎಡವಟ್ಟಾಗುತ್ತದೆ. ಬೈಬಲಿನಲ್ಲಿ ಯೋಬ ಅನ್ನುವ ಕಷ್ಟಕ್ಕೆ ಸಿಕ್ಕ ಮನುಷ್ಯನ ಗೆಳೆಯರನ್ನೇ ತೆಗೆದುಕೋ. ಮಕ್ಕಳು ಸತ್ತ ಅವನ ಪಕ್ಕ ಏಳು ದಿನ ಏಳು ರಾತ್ರಿ ಮಾತಿಲ್ಲದೆ ಕೂತರು. ಅದು ಅವರು ಮಾಡಿದ ಒಳ್ಳೆಯ ಕೆಲಸ. ಆಮೇಲೆ ಬಾಯಿ ಬಿಟ್ಟರು. ನಿನ್ನ ಮಕ್ಕಳು ತಪ್ಪು ಮಾಡಿದ್ದಕ್ಕೇ ಹಾಗಾಯಿತು ಅನ್ನುವವರೆಗೂ ಹೋದರು. ಎಷ್ಟು ಭಕ್ತಿಯ ಮಾತು ಅಂತೀಯ! ಅದರ ಸಾಲುಗಳನ್ನು ಬೈಬಲಿನಲ್ಲಿ ಹೀಗಿದೆ ಅಂತ ಕಷ್ಟದಲ್ಲಿ ಇರುವವರಿಗೆ ಹೇಳುವವರನ್ನು ನಾನು ನೋಡಿದ್ದೇನೆ. ಇದೆ, ನಿಜ. ಆದರೆ ಅದೇ ಪುಸ್ತಕದ 42ನೇ ಅಧ್ಯಾಯದಲ್ಲಿ, ನೀವು ನನ್ನ ಬಗ್ಗೆ ಸರಿಯಾಗಿ ಮಾತಾಡಲಿಲ್ಲ ಅಂತ ದೇವರೇ ಅವರ ಮೇಲೆ ಸಿಟ್ಟಾಗುತ್ತಾನೆ. ಪಾತ್ರ ಆಡಿದ ಮಾತೆಲ್ಲ ಪುಸ್ತಕದ ಮಾತಲ್ಲ.

ಗುರುತು, ಸಂಕೇತ ಹುಡುಕುವವರ ಬಗ್ಗೆ ನನಗೆ ಸ್ವಲ್ಪ ತಾತ್ಸಾರ ಇದೆ, ನಿನಗೆ ಗೊತ್ತು. ನಾಯಕ ಸಾಯುವಾಗ ಎರಡೂ ಕೈ ಚಾಚಿದರೆ ಸಾಕು, ಯೇಸುವಿನ ಸಂಕೇತ ಅಂತ ಬರೆದುಬಿಡುತ್ತಾರೆ. ಬಿದ್ದವರು ಕೈ ಚಾಚದೆ ಇನ್ನೇನು ಮಾಡುತ್ತಾರೆ? ಹಾಗಂತ ಎಲ್ಲವೂ ಸುಳ್ಳಲ್ಲ. ಕೃತಿಯೇ ಒಂದು ವಸ್ತುವನ್ನು ಮತ್ತೆ ತಂದು ಮುಂದಿಟ್ಟರೆ ಆಗ ನಿಲ್ಲಬೇಕು. ಶಿಷ್ಯ ಪೇತ್ರ ಯೇಸುವನ್ನು ಅರಿಯೆ ಅಂತ ಹೇಳುವ ಕಥೆಯಲ್ಲಿ, ಚಳಿಗೆ ಇದ್ದಲಿನ ಬೆಂಕಿ ಕಾಯಿಸಿಕೊಳ್ಳುತ್ತಿರುತ್ತಾನೆ. ಅದು ಯೋಹಾನನ ಸುವಾರ್ತೆಯ 18ನೇ ಅಧ್ಯಾಯ. 21ರಲ್ಲಿ ಪೇತ್ರ ಕೆರೆಯ ದಡಕ್ಕೆ ಬರುವಾಗ ಮತ್ತೆ ಇದ್ದಲಿನ ಬೆಂಕಿ, ಮೇಲೆ ಮೀನು. ಆ ಗ್ರೀಕ್ ಪದ ಬೈಬಲಿನ ಎರಡನೇ ಭಾಗವಾದ ಇಡೀ ಹೊಸ ಒಡಂಬಡಿಕೆಯಲ್ಲಿ ಬರುವುದು ಈ ಎರಡೇ ಕಡೆ. ಮೂರು ಸಲ ಅರಿಯೆ ಅಂದವನನ್ನು ಅಲ್ಲಿ ಯೇಸು ಮೂರು ಸಲ ನೀನು ನನ್ನನ್ನು ಪ್ರೀತಿಸುತ್ತೀಯಾ ಅಂತ ಕೇಳುತ್ತಾನೆ. ಆ ಹೊಗೆಯ ವಾಸನೆ ಪೇತ್ರನಿಗೆ ಏನು ಮಾಡಿರಬಹುದು? ಯೋಹಾನ ಏನೂ ಹೇಳುವುದಿಲ್ಲ, ಬೆಂಕಿ ಇಟ್ಟು ಸುಮ್ಮನಾಗುತ್ತಾನೆ.

ಇನ್ನು ಕಥೆಯ ವಸ್ತು ಯಾವುದು ಅಂತ ಹೇಳುವಾಗ ಪ್ರೀತಿ, ಕ್ಷಮೆ, ಕುಟುಂಬ ಅಂತ ಒಂದೇ ಪದ ಬರೆದು ಬಿಡಬೇಡ. ಬೈಬಲಿನ ಯೋನನ ಪುಸ್ತಕ ಅಂದರೆ ಎಲ್ಲರಿಗೂ ನೆನಪಾಗುವುದು ಅವನನ್ನು ನುಂಗಿದ ಮೀನು. ನಾಲ್ಕೇ ಅಧ್ಯಾಯ, 48 ವಚನ, ಅದರಲ್ಲಿ ಮೀನು ಇರುವುದು ಮೂರರಲ್ಲಿ! ಉಳಿದದ್ದೆಲ್ಲ ಒಬ್ಬ ಮನುಷ್ಯನ ಸಿಟ್ಟು. ಶತ್ರುಗಳ ಊರು ನಿನೆವೆಗೆ ಹೋಗು ಅಂತ ದೇವರು ಹೇಳಿದರೆ ಉಲ್ಟಾ ದಿಕ್ಕಿಗೆ ಹಡಗು ಹತ್ತುತ್ತಾನೆ. ಕೊನೆಗೆ ಹೋಗಿ ಸಾರುತ್ತಾನೆ, ಊರು ತಿದ್ದಿಕೊಳ್ಳುತ್ತದೆ, ದೇವರು ಬಿಟ್ಟುಬಿಡುತ್ತಾನೆ. ಯೋನನಿಗೆ ಉರಿಯುತ್ತದೆ. ನೀನು ಹೀಗೆ ಕರುಣೆ ತೋರಿಸುತ್ತೀಯ ಅಂತ ಗೊತ್ತಿದ್ದೇ ನಾನು ಓಡಿಹೋದೆ ಅನ್ನುತ್ತಾನೆ. ಊರ ಹೊರಗೆ ಕೂತು ಮುನಿಸಿಕೊಂಡವನನ್ನು ದೇವರು ಕೇಳುತ್ತಾನೆ: ಒಂದು ಲಕ್ಷ ಇಪ್ಪತ್ತು ಸಾವಿರಕ್ಕಿಂತ ಜಾಸ್ತಿ ಜನ, ಅಷ್ಟೊಂದು ದನಕರು, ನನಗೆ ಅಯ್ಯೋ ಅನ್ನಿಸಬಾರದಾ? ಪುಸ್ತಕ ಆ ಪ್ರಶ್ನೆಗೇ ಮುಗಿಯುತ್ತದೆ. ಯೋನನ ಉತ್ತರ ಇಲ್ಲ. ಕ್ಷಮೆ ದೊಡ್ಡದು ಅನ್ನುವುದಲ್ಲ ಇದರ ವಸ್ತು. ನನಗೆ ಆಗದವರಿಗೆ ಕ್ಷಮೆ ಸಿಕ್ಕಿದಾಗ ನನಗೆ ಏನಾಗುತ್ತದೆ ಅನ್ನುವುದು. ದೊಡ್ಡ ಮಗ ಮನೆಯ ಹೊರಗೆ, ಯೋನ ಊರ ಹೊರಗೆ.

ಈಗ ಹೇಳಲು ಕಷ್ಟವಾದ ಭಾಗ.

ಬೈಬಲಿನ ರಾಜ ದಾವೀದ ತನ್ನ ಸೈನಿಕ ಊರೀಯನ ಹೆಂಡತಿ ಬತ್ಷೆಬೆಯನ್ನು ಕರೆಸಿಕೊಂಡು, ಆಮೇಲೆ ಊರೀಯನನ್ನು ಯುದ್ಧದಲ್ಲಿ ಸಾಯಿಸುತ್ತಾನೆ. ಪ್ರವಾದಿ ನಾತಾನ ಬಂದು ಅವನಿಗೊಂದು ಕಥೆ ಹೇಳುತ್ತಾನೆ. ಬೇಕಾದಷ್ಟು ಕುರಿ ಇದ್ದ ಸಾಹುಕಾರ, ಬಡವನ ಒಂದೇ ಒಂದು ಕುರಿಮರಿಯನ್ನು ಕಿತ್ತುಕೊಂಡ ಕಥೆ. ಆ ಮರಿ ಬಡವನ ತಟ್ಟೆಯಲ್ಲೇ ತಿನ್ನುತ್ತಿತ್ತು, ಅವನಿಗೆ ಮಗಳ ಹಾಗಿತ್ತು. ದಾವೀದ ಕೆಂಡವಾಗುತ್ತಾನೆ. ಅಂಥವನು ಸಾಯಬೇಕು, ನಾಲ್ಕರಷ್ಟು ಕೊಡಬೇಕು ಅನ್ನುತ್ತಾನೆ. ಪಾತ್ರವನ್ನು ಅವನು ಅರ್ಥ ಮಾಡಿಕೊಂಡದ್ದರಲ್ಲಿ ಒಂದಿಷ್ಟೂ ತಪ್ಪಿಲ್ಲ. ಆಗ ನಾತಾನ, "ಆ ಮನುಷ್ಯ ನೀನೇ" ಅನ್ನುತ್ತಾನೆ.

ಆ ಅಕ್ಕನ ಪರ ನಾನು ಅಷ್ಟು ಜೋರಾಗಿ ಯಾಕೆ ವಾದ ಮಾಡಿದೆ ಅಂತ ನಿನಗೆ ಗೊತ್ತಾಗಿರಬಹುದು. ನಿನ್ನ ಅಜ್ಜಿಯ ಕೊನೆಯ ಆರು ವರ್ಷ ನಾನು ಜೊತೆಗಿದ್ದೆ. ನಿನ್ನ ಚಿಕ್ಕಮ್ಮ ಬಂದದ್ದು ಕೊನೆಯ ತಿಂಗಳು. ಅವಳು ಬ್ಯಾಗ್ ಹಿಡಿದು ಬಾಗಿಲಲ್ಲಿ ನಿಂತಾಗ ನಾನು ಒಳಗೆ ತಿರುಗಿ ಅಜ್ಜಿಗೆ ಹೇಳಿದ್ದು ಇನ್ನೂ ಕಿವಿಯಲ್ಲಿದೆ: "ನೋಡಮ್ಮ, ನಿನ್ನ ಮಗಳು ಬಂದಿದ್ದಾಳೆ." ತಂಗಿ ಬಂದಳು ಅನ್ನಲಿಲ್ಲ. ಲೂಕನ ಆ ಸಾಲನ್ನು ಮತ್ತೆ ಓದುವಾಗಲೇ ಅದು ನನಗೆ ಹೊಳೆದದ್ದು. ಅಜ್ಜಿ ಆಗ ಏನು ಹೇಳಿದರು ಅಂತ ಎಷ್ಟು ಯೋಚಿಸಿದರೂ ನೆನಪಾಗುತ್ತಿಲ್ಲ.

ಹಾಗಂತ ಆ ಅಕ್ಕನ ಬಗ್ಗೆ ನಾನು ಹೇಳಿದ್ದೆಲ್ಲ ಸುಳ್ಳಲ್ಲ. ಅವಳ ಕೈಯ ಒರಟು, ನಿದ್ದೆ ಇಲ್ಲದ ಕಣ್ಣು, ಅವೆಲ್ಲ ತೆರೆಯ ಮೇಲೆ ಇವೆ. ನನ್ನ ಜಾಗದಿಂದ ಅವು ಬೇಗ ಕಂಡವು. ಆದರೆ ತಂಗಿ ಮೂರು ಸಲ ಬರೆದ ಪತ್ರವನ್ನು ಅಕ್ಕ ಒಡೆಯದೆ ಡಬ್ಬದಲ್ಲಿ ಇಟ್ಟದ್ದು ನಿನಗೆ ಕಂಡಿತು. ನಾನು ಎರಡನೇ ಸಲ ನೋಡುವವರೆಗೂ ಅದನ್ನು ಗಮನಿಸಿರಲೇ ಇಲ್ಲ.

ಮುಂದಿನ ಭಾನುವಾರ ಬರ್ತೀಯಲ್ಲ? ಕೊನೆಯ ದೃಶ್ಯ ಮಾತ್ರ ಇನ್ನೊಂದು ಸಲ ನೋಡೋಣ. ಅಕ್ಕನ ಕೈ ಚಿಲಕದ ಮೇಲೆ ಇದೆ. ತೆಗೆಯಲು ಇಟ್ಟದ್ದೋ ಹಾಕಲು ಇಟ್ಟದ್ದೋ ನನಗೆ ಈಗಲೂ ಗೊತ್ತಾಗಿಲ್ಲ. ನಿನ್ನ ಚಿಕ್ಕಮ್ಮನಿಗೂ ಬರಲು ಹೇಳಿದ್ದೇನೆ. ಅವಳು ಆ ಅಕ್ಕನ ಬಗ್ಗೆ ಏನು ಹೇಳುತ್ತಾಳೆ ಅಂತ ಕೇಳಬೇಕು. ನಾನು ಮಧ್ಯೆ ಬಾಯಿ ಹಾಕುವುದಿಲ್ಲ.

ನಿನ್ನ
ಅಮ್ಮ