38 ಫಿರಂಗಿಗಳ ಹಡಗಿನ ಪೆಟ್ಟಿಗೆಯಲ್ಲಿ 36ರ ಹಡಗಿನ ಮರ: ಬದಲಿ ಭಾಗ ಕೋರಿ ದೂರು

ಇವರಿಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ,
ಹಡಗು ಮಾದರಿ ಕಿಟ್ ಮಾರಾಟ ಸಂಸ್ಥೆ, ಬೆಂಗಳೂರು

ವಿಷಯ: 1:64 ಅಳತೆಯ ಮರದ ಫ್ರಿಗೇಟ್ (ಹಾಯಿಯ ಯುದ್ಧನೌಕೆ) ಕಿಟ್‌ನಲ್ಲಿ ಬೇರೆ ಹಡಗಿನ ಬಿಡಿಭಾಗಗಳು ಬಂದಿರುವ ಬಗ್ಗೆ

ಮಾನ್ಯರೇ,

ಕಳೆದ ದಸರಾ ಹೊತ್ತಿಗೆ ನಿಮ್ಮಿಂದ 31,500 ರೂಪಾಯಿ ಕೊಟ್ಟು ಒಂದು ಕಿಟ್ ತರಿಸಿಕೊಂಡಿದ್ದೆ. ಪೆಟ್ಟಿಗೆಯ ಮೇಲೆ ‘1805ರ ಬ್ರಿಟಿಷ್ ನೌಕಾಪಡೆಯ 38 ಫಿರಂಗಿಗಳ ಫ್ರಿಗೇಟ್, ಕಾಲ್ಪನಿಕ ಹಡಗು’ ಎಂದಿದೆ. ಒಳಗಿರುವ ನಕ್ಷೆಯೂ ಅದೇ ಹಡಗಿನದು. ಆದರೆ ಒಳಗಿರುವ ಮರ ಆ ಹಡಗಿನದಲ್ಲ.

ನಕ್ಷೆಯಲ್ಲಿ ಹಡಗಿನ ಒಂದೊಂದು ಬದಿಗೂ 14 ಫಿರಂಗಿ ಕಿಂಡಿಗಳಿವೆ. ನೀವು ಕಳಿಸಿದ ಪ್ಲೈವುಡ್ ಪಟ್ಟಿಯಲ್ಲಿ 13 ಇವೆ. ಹಿತ್ತಾಳೆಯ ದೊಡ್ಡ ಫಿರಂಗಿಗಳು 28 ಬೇಕು, ಬಂದಿರುವುದು 26. ಪಟ್ಟಿಯನ್ನು ಮೂತಿಯ ಕಡೆಯಿಂದ ಕೂರಿಸಿಕೊಂಡು ಬಂದರೆ ಹಿಂಬದಿಯಲ್ಲಿ ಸುಮಾರು 2 ಸೆಂ.ಮೀ. ಸಾಲುವುದಿಲ್ಲ.

ಈ ಲೆಕ್ಕ ನೋಡಿದರೆ ಏನಾಗಿದೆ ಎಂದು ಗೊತ್ತಾಗುತ್ತದೆ. ಆ ಕಾಲದ 38ರ ಫ್ರಿಗೇಟಿನಲ್ಲಿ ಮುಖ್ಯ ಅಂತಸ್ತಿನ ಮೇಲೆ 18 ಪೌಂಡ್ ಗುಂಡಿನ 28 ಫಿರಂಗಿ ಇರುತ್ತಿದ್ದವು, ಉಳಿದವು ಮೇಲಿನ ಅಂತಸ್ತಿನಲ್ಲಿ. 36ರ ಫ್ರಿಗೇಟಿನಲ್ಲಿ 26. ಲೀಡಾ ವರ್ಗದ (ವರ್ಗ ಎಂದರೆ ಒಂದೇ ನಕ್ಷೆಯಿಂದ ಕಟ್ಟಿದ ಹಡಗುಗಳು) 38ರ ಹಡಗಿನ ಫಿರಂಗಿ ಅಂತಸ್ತು ಸುಮಾರು 150 ಅಡಿ ಉದ್ದ, ಅಂದರೆ 1:64ರಲ್ಲಿ 71 ಸೆಂ.ಮೀ. ಅಪೊಲೊ ವರ್ಗದ 36ರ ಹಡಗಿನದು 145 ಅಡಿ, ಅಂದರೆ 69 ಸೆಂ.ಮೀ. ಕೊರತೆ ಬಿದ್ದಿರುವುದೂ ಅಷ್ಟೇ ಅಲ್ವಾ? ನಕ್ಷೆ, ಕೀಲ್ (ತಳದ ಬೆನ್ನೆಲುಬಿನ ಮರ), ಬಲ್ಕ್‌ಹೆಡ್‌ಗಳು (ಅದರ ಮೇಲೆ ಅಡ್ಡಡ್ಡ ನಿಲ್ಲುವ ಹಲಗೆಗಳು) ಒಂದು ಹಡಗಿನವು. ಬದಿಯ ಪಟ್ಟಿ ಮತ್ತು ಫಿರಂಗಿಗಳು ಇನ್ನೊಂದು ಹಡಗಿನವು. ಪ್ಯಾಕ್ ಮಾಡುವಾಗ ಎರಡು ಕಿಟ್‌ಗಳು ಕಲೆತುಹೋಗಿವೆ.

ನಿಮ್ಮ ಸಹಾಯವಾಣಿಗೆ ಫೋನ್ ಮಾಡಿದಾಗ ಸಿಕ್ಕ ಉತ್ತರ ಇದು: ‘ಸರ್, ಇದು ಕಾಲ್ಪನಿಕ ಹಡಗು. ಇಷ್ಟೇ ಫಿರಂಗಿ ಇರಬೇಕು ಅಂತ ಏನಿಲ್ಲ. 13 ಕಿಂಡಿ ಇದ್ದರೆ ಹಾಗೇ ಕಟ್ಟಿ.’ ನಾನು ಕೈಯಲ್ಲೇ ಈ ಪತ್ರ ಬರೆಯಲು ಕೂತಿದ್ದು ಆ ಮಾತು ಕೇಳಿದ ಮೇಲೆ. ಭಾಗ ತಪ್ಪಿ ಬಂದರೆ ಬದಲಾಯಿಸಬಹುದು, ಅದು ದೊಡ್ಡ ವಿಷಯವಲ್ಲ. ಈ ಉತ್ತರವನ್ನು ಮಾತ್ರ ನಾನು ಒಪ್ಪುವುದಿಲ್ಲ.

ಹಡಗಿನ ಹೆಸರು ಕಲ್ಪನೆ. ಅದರ ಕ್ಯಾಪ್ಟನ್ ಕಲ್ಪನೆ, ಅದು ಮಾಡಿದ ಯುದ್ಧ ಕಲ್ಪನೆ. ಆದರೆ 1805 ಕಲ್ಪನೆಯಲ್ಲ. ಮಂಗಳೂರಿನಿಂದ ಉಡುಪಿಗೆ ಹೋಗುವ ಬಸ್ಸಿನ ಕಥೆಯನ್ನು ಯಾರು ಬೇಕಾದರೂ ಕಟ್ಟಬಹುದು, ಆದರೆ ಆ ಬಸ್ಸಿಗೆ ದಾರಿಯಲ್ಲಿ ಮೈಸೂರು ಸಿಗುವುದಿಲ್ಲ. ನಿಜವಾದ ಹಡಗಿನ ಮಾದರಿ ಕಟ್ಟುವವರಿಗೆ ಮೂಲ ಹಡಗಿನ ದಾಖಲೆಗಳು ಇರುತ್ತವೆ. ಅನುಮಾನ ಬಂದರೆ ತೆಗೆದು ನೋಡಬಹುದು. ಇಲ್ಲದ ಹಡಗಿಗೆ ಆ ಕಾಲದ ನಿಯಮ, ಅಳತೆ, ಕೆಲಸದ ಕ್ರಮ ಇವಿಷ್ಟೇ ಆಧಾರ. ಅದನ್ನೂ ಬಿಟ್ಟರೆ ಅದು ಹಡಗೇ ಅಲ್ಲ, ಸುಮ್ನೆ ಹಡಗಿನ ಆಕಾರದ ಗೊಂಬೆ.

13 ಕಿಂಡಿ ಇಟ್ಟುಕೊಂಡು ಕಟ್ಟಿದರೆ ಏನಾಗುತ್ತದೆ ಅಂತಲೂ ಹೇಳಬೇಕು, ಯಾಕೆಂದರೆ ನಿಮ್ಮ ಸಿಬ್ಬಂದಿಗೆ ಅದು ಗೊತ್ತಿದ್ದಂತೆ ಕಾಣಲಿಲ್ಲ. ಕಿಂಡಿಗಳ ನಡುವಿನ ಅಂತರ ಬೇರೆ ಇರುವುದರಿಂದ ಆರನೇ ಕಿಂಡಿಯ ನಟ್ಟನಡುವೆ ಬಲ್ಕ್‌ಹೆಡ್ ಬಂದು ನಿಲ್ಲುತ್ತದೆ. ಅಲ್ಲಿ ಫಿರಂಗಿ ಇಡಲು ಜಾಗವೇ ಇಲ್ಲ. ಅದಕ್ಕಿಂತ ದೊಡ್ಡ ತೊಂದರೆ ಕೂವೆಕಂಬದ ಹಗ್ಗಗಳದ್ದು. ಕಂಬವನ್ನು ಎರಡೂ ಬದಿಯಿಂದ ಬಿಗಿದು ಹಿಡಿಯುವ ದಪ್ಪ ಹಗ್ಗಗಳು ಕೆಳಗೆ ಮೂರು ತೂತಿನ ಮರದ ಬಿಲ್ಲೆಗಳಿಗೆ ಬರುತ್ತವೆ. ಆ ಬಿಲ್ಲೆಗಳನ್ನು ಹಿಡಿದ ಕಬ್ಬಿಣದ ಸರಪಳಿಗಳು ಹಡಗಿನ ಮೈಗೆ ಇಳಿಯುತ್ತವೆ. ಈ ಸರಪಳಿಗಳು ಯಾವಾಗಲೂ ಎರಡು ಕಿಂಡಿಗಳ ನಡುವಿನ ಗಟ್ಟಿ ಜಾಗದಲ್ಲೇ ಇಳಿಯಬೇಕು. ನಿಮ್ಮ ಪಟ್ಟಿ ಕೂರಿಸಿದರೆ ಮುಖ್ಯ ಕಂಬದ ಎರಡು ಸರಪಳಿಗಳು ಕಿಂಡಿಯ ಬಾಯಿಗೇ ಅಡ್ಡ ಬರುತ್ತವೆ. ಮೊದಲ ಗುಂಡಿಗೇ ಆ ಹಡಗು ತನ್ನ ಕಂಬವನ್ನು ತಾನೇ ಬೀಳಿಸಿಕೊಳ್ಳುತ್ತದೆ. ಅಂಥ ಹಡಗನ್ನು ಆ ಕಾಲದ ಯಾವ ಮೇಸ್ತ್ರಿಯೂ ಕಟ್ಟುತ್ತಿರಲಿಲ್ಲ. ಕಾಲ್ಪನಿಕ ಮೇಸ್ತ್ರಿ ಕೂಡ.

ಉಳಿದ ದೋಷಗಳು ಇದಕ್ಕೆ ಹೋಲಿಸಿದರೆ ಚಿಕ್ಕವು, ಆದರೂ ಬರೆಯುತ್ತೇನೆ. ಮೇಲಿನ ಅಂತಸ್ತಿಗೆ ಕ್ಯಾರೊನೇಡ್ ಎಂದು ಕಳಿಸಿರುವುದು ಉದ್ದ ಫಿರಂಗಿಯನ್ನೇ ಸಣ್ಣದು ಮಾಡಿದ ಅಚ್ಚು, ನಾಲ್ಕು ಚಕ್ರದ ಗಾಡಿಯ ಸಮೇತ. ಸ್ಕಾಟ್‌ಲೆಂಡಿನ ಕ್ಯಾರನ್ ಕಾರ್ಖಾನೆಯಿಂದ ಬಂದ ಈ ಗಿಡ್ಡ, ದಪ್ಪ ಬಾಯಿಯ ಫಿರಂಗಿ ಜಾರುವ ಮಣೆಯ ಮೇಲೆ ಕೂರುತ್ತದೆ. ನಿಮ್ಮ ನಕ್ಷೆಯಲ್ಲೂ ಹಾಗೇ ಇದೆ. ದಾರ ಎಲ್ಲವೂ ಒಂದೇ ದಪ್ಪ, ಒಂದೇ ಬಿಳಿ ಬಣ್ಣ. ಕಂಬ ಹಿಡಿಯುವ ಹಗ್ಗಕ್ಕೆ ಆಗ ಟಾರು ಹಚ್ಚುತ್ತಿದ್ದರು, ಅದು ಕಪ್ಪಗಿರಬೇಕು. ಹಾಯಿ ಎಳೆಯುವ ಹಗ್ಗ ಮಾತ್ರ ತಿಳಿ ಬಣ್ಣದ್ದು. ಇನ್ನು ಬಾವುಟ. ಬ್ರಿಟಿಷ್ ಬಾವುಟಕ್ಕೆ ಐರ್ಲೆಂಡಿನ ಕೆಂಪು ಓರೆ ಪಟ್ಟಿಗಳು ಸೇರಿದ್ದು 1801ರ ಜನವರಿ 1ರಂದು. ನೀವು 1805ರ ಹಡಗಿಗೆ ಕೊಟ್ಟ ಬಾವುಟದಲ್ಲಿ ಅವಿಲ್ಲ. ತಾಮ್ರದ ತಗಡುಗಳು ಮಾತ್ರ ತುಂಬಾ ಚೆನ್ನಾಗಿವೆ. ಮೂಲದಲ್ಲಿ 4 ಅಡಿಗೆ 14 ಅಂಗುಲದ ತಗಡು ಇಲ್ಲಿ 19 ಮಿ.ಮೀ.ಗೆ 5.5 ಮಿ.ಮೀ. ಆಗಿ ಸರಿಯಾಗಿ ಬಂದಿದೆ. ಅಂಥ ಕೆಲಸ ಮಾಡಬಲ್ಲ ತಯಾರಕರ ಕಿಟ್ ಹೀಗೆ ಹಾಳಾಗಿ ಬಂದಿದ್ದಕ್ಕೇ ಬೇಜಾರು ಜಾಸ್ತಿ.

‘7 ದಿನದೊಳಗೆ ಹೇಳಬೇಕಿತ್ತು, ಈಗ ಅಂಟು ಹಾಕಿ ಆಗಿದೆ’ ಎಂದೂ ನಿಮ್ಮವರು ಹೇಳಿದರು. ಬದಿಯ ಪಟ್ಟಿಯನ್ನು ಯಾವಾಗ ಕೂರಿಸಬೇಕು ಎಂದು ನಿಮ್ಮ ಕೈಪಿಡಿಯೇ ಹೇಳುತ್ತದೆ. ಮೊದಲು ಕೀಲ್, ಆಮೇಲೆ ಬಲ್ಕ್‌ಹೆಡ್‌ಗಳು, ಎಲ್ಲ ಒಣಗಿ ಗಟ್ಟಿಯಾದ ಮೇಲೆ ಉಜ್ಜಿ ಓರೆ ತೆಗೆಯುವುದು, ಆಮೇಲೆ ಪಟ್ಟಿಯನ್ನು ನೀರಲ್ಲಿ ನೆನೆಸಿ ಬಾಗಿಸುವುದು. ಮಂಗಳೂರಿನ ತೇವದ ಗಾಳಿಯಲ್ಲಿ ಅಂಟು ಒಣಗುವುದೇ ನಿಧಾನ. ಬಿಡಿಭಾಗಗಳ ಪಟ್ಟಿಯಲ್ಲಿ ‘ಬದಿಯ ಪ್ಲೈವುಡ್, 4 ತುಂಡು’ ಅಂತ ಇದೆ, 4 ತುಂಡು ಬಂದಿವೆ. ಪೆಟ್ಟಿಗೆ ತೆರೆದ ದಿನ ನೋಡಿದವರಿಗೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ವರ್ಷಗಟ್ಟಲೆ ಕೂತು ಕಟ್ಟುವ ವಸ್ತುವಿಗೆ 7 ದಿನದ ಗಡುವು ಇಟ್ಟರೆ ಗ್ರಾಹಕರಿಗೆ ಯಾವ ರಕ್ಷಣೆಯೂ ಇಲ್ಲ ಎಂದೇ ಅರ್ಥ.

ಈ ಕಿಟ್ಟನ್ನೇ ಯಾಕೆ ಆರಿಸಿಕೊಂಡೆ ಎಂದೂ ತಿಳಿಸುತ್ತೇನೆ. ಲೀಡಾ ವರ್ಗದ ಫ್ರಿಗೇಟುಗಳಿಗೆ ಮೂಲ 1782ರಲ್ಲಿ ಬ್ರಿಟಿಷರು ಸೆರೆಹಿಡಿದ ಎಬೆ ಎಂಬ ಫ್ರೆಂಚ್ ಹಡಗು. ಅದೇ ವರ್ಗದ ಟ್ರಿಂಕೋಮಲಿ ನಮ್ಮ ಬಾಂಬೆಯಲ್ಲಿ, ಮಲಬಾರಿನ ತೇಗದಲ್ಲಿ, ವಾಡಿಯಾ ಮನೆತನದ ಪಾರ್ಸಿ ಮೇಸ್ತ್ರಿಗಳ ಕೈಯಲ್ಲಿ ತಯಾರಾಗಿ 1817ರಲ್ಲಿ ನೀರಿಗಿಳಿಯಿತು. ಅದು ಇವತ್ತಿಗೂ ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿ ನೀರಿನ ಮೇಲೇ ಇದೆ. ಅದು ತಯಾರಾಗುವ ಹೊತ್ತಿಗೆ ನೆಪೋಲಿಯನ್ನನ ಯುದ್ಧಗಳು ಮುಗಿದಿದ್ದವು. ಅದೇ ತೇಗ, ಅದೇ ಕೈಗಳಿಂದ ಆದ ಹಡಗೊಂದು 1805ರಲ್ಲೇ ಸಮುದ್ರದಲ್ಲಿ ಇದ್ದಿದ್ದರೆ ಎಂದು ಊಹಿಸಿಕೊಂಡು ಕಟ್ಟುವ ಆಸೆ ನನ್ನದು. ಕಾಲ್ಪನಿಕ ಹಡಗಿನ ಕಿಟ್ ಬೇಕಾಗಿದ್ದೇ ಅದಕ್ಕೆ. ಹೊರಪದರಕ್ಕೆ ಹಾಕಲು ಹಳೇ ಮನೆಯೊಂದರ ತೊಲೆಯಿಂದ ತೇಗದ ತೆಳು ಪಟ್ಟಿಗಳನ್ನು ಬೇರೆಯಾಗಿ ಸೀಳಿಸಿ ಇಟ್ಟಿದ್ದೇನೆ. ಮಾದರಿಯ ಕೆಲಸ ಈಗ ಪೂರ್ತಿ ನಿಂತಿದೆ.

ನನಗೆ ಬೇಕಾಗಿರುವುದು ಇಷ್ಟು: ನಕ್ಷೆಗೆ ಹೊಂದುವ, 14 ಕಿಂಡಿಗಳಿರುವ ಬದಿಯ ಪಟ್ಟಿಗಳು, ಎರಡೂ ಬದಿಗೆ. ಕಡಿಮೆ ಬಂದಿರುವ 2 ಫಿರಂಗಿ, ಗಾಡಿ ಸಮೇತ. ಜಾರುಮಣೆಯ ಸರಿಯಾದ ಕ್ಯಾರೊನೇಡ್‌ಗಳು. ಕಪ್ಪು ಮತ್ತು ತಿಳಿ ಬಣ್ಣದಲ್ಲಿ, ನಕ್ಷೆ ಹೇಳುವ ದಪ್ಪಗಳಲ್ಲಿ ದಾರ. 1801ರ ನಂತರದ ಬಾವುಟ. ಸಾಗಣೆ ವೆಚ್ಚ ನಿಮ್ಮದು. ಕಳಿಸುವ ಮುಂಚೆ ಪಟ್ಟಿಯನ್ನು ನಕ್ಷೆಯ ಮೇಲಿಟ್ಟು ಒಮ್ಮೆ ಫೋಟೋ ತೆಗೆದು ಕಳಿಸಿ, ನಾನು ನೋಡಿ ಹೇಳುತ್ತೇನೆ. ಆ ಭಾಗಗಳು ನಿಮ್ಮಲ್ಲಿ ಇಲ್ಲ ಎಂದಾದರೆ ಕಿಟ್ ವಾಪಸ್ ತೆಗೆದುಕೊಂಡು ಪೂರ್ತಿ ಹಣ ಕೊಡಿ. ಅರ್ಧ ಹಣ, ಕೂಪನ್ ಬೇಡ.

ಪತ್ರ ತಲುಪಿದ 15 ದಿನದೊಳಗೆ ಲಿಖಿತ ಉತ್ತರ ಬರಬೇಕು. ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸುತ್ತೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನಾನಿರುವ ಜಿಲ್ಲೆಯ ಆಯೋಗಕ್ಕೇ ಹೋಗಲು ಅವಕಾಶವಿದೆ, ಅದನ್ನೂ ಬಳಸುತ್ತೇನೆ. ಇದೇ ಬ್ಯಾಚಿನ ಕಿಟ್‌ಗಳು ಬೇರೆಯವರಿಗೂ ಹೋಗಿರಬಹುದು. ಎಲ್ಲೋ ಒಬ್ಬರ ಹತ್ತಿರ 36ರ ನಕ್ಷೆಯೂ 14 ಕಿಂಡಿಯ ಪಟ್ಟಿಯೂ ಇರುತ್ತದೆ. ದಯವಿಟ್ಟು ಅವರನ್ನೂ ಹುಡುಕಿ ತಿಳಿಸಿ.

ರಸೀದಿಯ ಪ್ರತಿ, ಪಟ್ಟಿ ಮತ್ತು ನಕ್ಷೆಯನ್ನು ಪಕ್ಕಪಕ್ಕ ಇಟ್ಟು ತೆಗೆದ ಫೋಟೋಗಳು, ಬಾವುಟದ ಫೋಟೋ ಇದರೊಂದಿಗಿವೆ.

ಇಂತಿ,
ನಿಮ್ಮ ಗ್ರಾಹಕ,
ಮಂಗಳೂರು