ಯಾರಿಗೆ ಹರಕೆ ಹೇಳಲಿ ಎಂದು ಕೇಳಿದ ಮಗಳಿಗೆ

ಬೇಳ, ಕಾಸರಗೋಡು

ಪ್ರೀತಿಯ ಮಗಳೇ,

ನಿನ್ನ ಕಾಗದ ಸಿಕ್ಕಿತು. ಮಂಗಳೂರಿನಲ್ಲಿ ನೈಟ್ ಡ್ಯೂಟಿ, ಅದರ ಮೇಲೆ ನರ್ಸಿಂಗ್ ಪರೀಕ್ಷೆ. ಯಾವ ಸಂತರಿಗೆ ಹರಕೆ ಹೇಳಲಿ ದೊಡ್ಡಮ್ಮಾ ಎಂದು ಕೇಳಿದ್ದೀ. ಇಂಥ ಕಷ್ಟಕ್ಕೆ ಇಂಥವರು ಎಂಬ ಪಟ್ಟಿಯನ್ನು ಬಾಯಿಪಾಠ ಮಾಡಬೇಡ. ಆ ಕಷ್ಟ ಅವರ ಪಾಲಿಗೆ ಹೇಗೆ ಬಂತು ಎಂದು ತಿಳಿದುಕೋ, ಆಮೇಲೆ ಮೇಣದಬತ್ತಿ ಹಚ್ಚು. ಕೊಡುವವನು ದೇವರು, ಸಂತರು ನಮಗಾಗಿ ಬೇಡಿಕೊಳ್ಳುವವರು.

ಕಳೆದದ್ದು ಸಿಗಲಿ ಎಂದು ನಾವೆಲ್ಲ ಸಂತ ಅಂತೋನಿಯವರನ್ನು ಕರೆಯುತ್ತೇವಲ್ಲ? ಕೈಬರಹದ ಪುಸ್ತಕಗಳ ಕಾಲ ಅದು. ಅವರು ಟಿಪ್ಪಣಿ ಬರೆದಿಟ್ಟುಕೊಂಡಿದ್ದ ಕೀರ್ತನೆಗಳ ಪುಸ್ತಕವನ್ನು ಮಠ ಬಿಟ್ಟುಹೋದ ಹುಡುಗನೊಬ್ಬ ಎತ್ತಿಕೊಂಡು ಹೋಗಿದ್ದನಂತೆ. ಅವರು ಪ್ರಾರ್ಥಿಸಿದರು, ಪುಸ್ತಕವೂ ಬಂತು, ಹುಡುಗನೂ ಮಠಕ್ಕೆ ಮರಳಿದ. ನನಗೆ ಹುಡುಗ ಮರಳಿದ್ದೇ ದೊಡ್ಡದು. ಪರೀಕ್ಷೆಗೆ ಕುಪರ್ತಿನೋದ ಸಂತ ಜೋಸೆಫರಿದ್ದಾರೆ. ಓದು ತಲೆಗೆ ಹತ್ತದೆ ಬಹಳ ಕಷ್ಟಪಟ್ಟವರು. ಅವರನ್ನು ನೆನೆದುಕೋ, ಪುಸ್ತಕವನ್ನೂ ತೆರೆ.

ಆದರೆ ನಿನಗೆ ಬೇಕಾದವರು ಸಂತ ಕಮಿಲ್ಲಸ್. 1550ರಲ್ಲಿ ಇಟಲಿಯಲ್ಲಿ ಹುಟ್ಟಿದವರು, ಮೊದಲು ಸಿಪಾಯಿ. ಜೂಜಿನ ಚಟ ಅವರನ್ನು ಬರಿಗೈ ಮಾಡಿತ್ತು. ಕಾಲಿನಲ್ಲೊಂದು ಹುಣ್ಣು, ಸಾಯುವವರೆಗೂ ಮಾಯಲಿಲ್ಲ. ಸನ್ಯಾಸಿಯಾಗಲು ಹೋದರೆ, ಆ ಹುಣ್ಣಿನಿಂದಾಗಿಯೇ ಕಪುಚಿನ್ ಮಠದವರು ಇಟ್ಟುಕೊಳ್ಳಲಿಲ್ಲ. ಮದ್ದಿಗೆಂದು ರೋಮಿನ ಆಸ್ಪತ್ರೆ ಸೇರಿದವರು ಅಲ್ಲಿಯೇ ರೋಗಿಗಳ ಚಾಕರಿಗೆ ನಿಂತರು. ಹಾಸಿಗೆ ಹಿಡಿದವರ ಮುಂದೆ ಮಂಡಿಯೂರಿ, ಯೇಸುವನ್ನೇ ನೋಡಿಕೊಳ್ಳುತ್ತಿರುವಂತೆ ಸೇವೆ ಮಾಡುತ್ತಿದ್ದರು. ಅವರು ಕಟ್ಟಿದ ಸನ್ಯಾಸಿ ಸಭೆಯವರ ಕಪ್ಪು ನಿಲುವಂಗಿಯ ಎದೆಯ ಮೇಲೆ ಕೆಂಪು ಶಿಲುಬೆ. 1598ರ ಡಿಸೆಂಬರಿನಲ್ಲಿ ಟೈಬರ್ ನದಿ ಉಕ್ಕಿ ರೋಮಿಗೆ ನೆರೆ ಬಂದಾಗ, ಆ ಹುಣ್ಣುಗಾಲಿನಲ್ಲೇ ಸಾಂತೊ ಸ್ಪಿರಿತೊ ಆಸ್ಪತ್ರೆಯ ರೋಗಿಗಳನ್ನು ನೀರು ಮುಟ್ಟದ ಕಡೆಗೆ ಸಾಗಿಸಿದರು. 1886ರಲ್ಲಿ ಅವರನ್ನು ರೋಗಿಗಳ, ಆಸ್ಪತ್ರೆಗಳ ಪಾಲಕರೆಂದೂ, 1930ರಲ್ಲಿ ದಾದಿಯರ ಪಾಲಕರೆಂದೂ ಪೋಪರು ಸಾರಿದರು.

ನಡುರಾತ್ರಿ ಮುದುಕರೊಬ್ಬರು ಹಾಸಿಗೆ ಒದ್ದೆ ಮಾಡಿಕೊಂಡು ನಾಚಿಕೆಯಿಂದ ಮುಖ ತಿರುಗಿಸುತ್ತಾರೆ ನೋಡು, ಆಗ ಇವರನ್ನು ನೆನೆ. ಬಟ್ಟೆ ಬದಲಿಸುವಾಗ ಗದರಬೇಡ, ಮೂಗು ಮುಚ್ಚಬೇಡ. ‘ಅಜ್ಜಾ’ ಎಂದು ಕರೆದು ಮಾತಾಡಿಸು. ಇದೇ ನಿನ್ನ ಹರಕೆ ಎಂದುಕೋ. ನಿನಗೇ ಅಳು ಬಂದರೆ ನಮ್ಮ ಬೇಳ ಇಗರ್ಜಿಯ ಶೋಕಮಾತೆ ಇದ್ದಾಳೆ. ಮಗನ ಶಿಲುಬೆಯ ಕೆಳಗೆ ನಿಂತವಳು, ಅವಳ ಹತ್ತಿರ ಅಳು, ಅಡ್ಡಿಯಿಲ್ಲ. ಊಟ ಮಾತ್ರ ಬಿಡಬೇಡ.

ಜುಲೈ 14 ಸಂತ ಕಮಿಲ್ಲಸರ ಹಬ್ಬ. ಆ ದಿನ ರಜೆ ಸಿಕ್ಕಿದರೆ ಇಗರ್ಜಿಯ ಬಲಿಪೂಜೆಗೆ ಹೋಗು. ಡ್ಯೂಟಿ ಬಿದ್ದರೆ ಯಾರ ಹತ್ತಿರವೂ ಬದಲಿ ಕೇಳಬೇಡ, ವಾರ್ಡಿನಲ್ಲೇ ಇರು.

ನಿನ್ನ ದೊಡ್ಡಮ್ಮ