ನಿನ್ನ ಹೆಸರಿಗೆ ಬಂದ ಲಕೋಟೆ

ಗ್ರ್ಯಾಂಡ್ ರ‍್ಯಾಪಿಡ್ಸ್, ಮಿಶಿಗನ್
ಅಕ್ಟೋಬರ್ 2026

ಪ್ರೀತಿಯ ಪುಟ್ಟಿ,

ಈ ಪತ್ರದ ಜೊತೆ ಒಂದು ಲಕೋಟೆ ಇದೆ. ಚುನಾವಣೆ ನಡೆಸುವ ಸಿಟಿ ಕ್ಲರ್ಕ್ ಕಚೇರಿಯಿಂದ ನಿನ್ನ ಹೆಸರಿಗೆ ಬಂದದ್ದು. ಒಳಗಿರುವುದು ನಿನ್ನ ಮೊದಲ ಮತಪತ್ರ, ತುಂಬಿ ಅಂಚೆಯಲ್ಲಿ ವಾಪಸ್ ಕಳಿಸುವಂಥದ್ದು. ನಾನು ಒಡೆದಿಲ್ಲ. ಎರಡು ವಾರದಿಂದ ಫ್ರಿಜ್ ಮೇಲೆ ಕೂತಿತ್ತು. ಅಮ್ಮ ಫೋನಿನಲ್ಲಿ ನೆನಪಿಸಿದರೆ "ಇರಲಿ ಬಿಡಮ್ಮಾ, ನನ್ನ ಒಂದು ವೋಟಿನಿಂದ ಏನಾಗತ್ತೆ" ಅಂದೆಯಂತೆ. ಕೇಳಿ ಸುಮ್ನೆ ಇದ್ದೆ. ಮಾರನೇ ದಿನ ಕತ್ತಲಿರುವಾಗಲೇ ಗಾಳ ತಗೊಂಡು ಬಾಲ್ಡ್‌ವಿನ್ ನದಿಯ ಕಡೆ ಹೊರಟೆ. ನಿನಗೆ ಏನು ಹೇಳಬೇಕು ಅನ್ನುವುದು ನೀರಿನಲ್ಲಿ ನಿಂತಾಗ ಹೊಳೆಯಿತು. ಫೋನಿನಲ್ಲಿ ಹೇಳಿದರೆ ವಾದ ಆಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಕನ್ನಡ ನಿಧಾನವಾಗಿ ಓದುತ್ತೀಯ, ಗೊತ್ತು. ನಿಧಾನವಾಗಿಯೇ ಓದು.

ನದಿ ಈಗ ನಿನಗೆ ತುಂಬ ಇಷ್ಟವಾಗುವ ಹಾಗಿದೆ. ಮೇಪಲ್ ಎಲೆಗಳು ನೀರಿನ ಮೇಲೆ ಗುಂಪುಗುಂಪಾಗಿ ತೇಲುತ್ತಿವೆ. ಹತ್ತು ಸಲ ಗಾಳ ಎಸೆದರೆ ನಾಲ್ಕು ಸಲ ಎಲೆಯೇ ಸಿಕ್ಕಿಕೊಳ್ಳುತ್ತದೆ. ದೊಡ್ಡ ಕಿಂಗ್ ಸಾಲ್ಮನ್‌ಗಳ ಕಾಲ ಮುಗಿಯುತ್ತಾ ಬಂತು. ಮಿಶಿಗನ್ ಸರೋವರದಿಂದ ಅಷ್ಟು ದೂರ ಹತ್ತಿ ಬಂದು, ಬಾಲದಿಂದ ಜಲ್ಲಿ ಕೆದಕಿ ಮೊಟ್ಟೆಯಿಟ್ಟು, ಈಗ ದಡದ ಪಕ್ಕ ಬಿಳಿಚಿಕೊಂಡು ಸಾಯುತ್ತಿವೆ. ಅವುಗಳ ಹಿಂದೆಯೇ ಸ್ಟೀಲ್‌ಹೆಡ್ ಅನ್ನುವ ಮೀನುಗಳು ಬಂದಿವೆ, ಆ ಮೊಟ್ಟೆ ತಿನ್ನುವುದಕ್ಕೆ. ಒಂದು ಕಚ್ಚಿತು. ಎರಡು ಸಲ ನೀರಿನಿಂದ ಮೇಲಕ್ಕೆ ಹಾರಿತು. ಬೆಳ್ಳಿ ಪಾತ್ರೆ ಎತ್ತಿ ಎಸೆದ ಹಾಗೆ ಕಾಣಿಸಿತು. ದಾರ ಸಡಿಲವಾಯಿತು, ಹೋಯಿತು. ಬೇಸರ ಆಗಲಿಲ್ಲ. ಅದನ್ನು ನೋಡಿದೆನಲ್ಲ.

ನಮ್ಮೂರಲ್ಲಿ ಇದೇ ಕೆಲಸ ಮುಂಗಾರಿನಲ್ಲಿ ನಡೆಯುತ್ತದೆ. ಮೊದಲ ಜೋರು ಮಳೆಗೆ ತುಂಗೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಮೀನು ಏರಿ ಬರುತ್ತವೆ. ಹತ್ತುಮೀನು ಅಂತಾರೆ. ಅಪ್ಪನ ಜೊತೆ ರಾತ್ರಿ ಲಾಟೀನು ಹಿಡಿದು ನಾನೂ ಹೋಗುತ್ತಿದ್ದೆ. ಇಲ್ಲಿಗೆ ಬಂದ ಮೊದಲ ವರ್ಷ ಈ ನದಿಯಲ್ಲಿ ಸಾಲ್ಮನ್ ಹತ್ತುವುದನ್ನು ಕಂಡಾಗಲೇ ಈ ಊರಿನಲ್ಲಿ ಇರಬಹುದು ಅನ್ನಿಸಿತು. ಆಮೇಲೆ ಗೊತ್ತಾಯಿತು, ಈ ಮೀನುಗಳೂ ಹೊರಗಿನಿಂದ ಬಂದವೇ. ಕಂದು ಟ್ರೌಟ್ ಮರಿಗಳನ್ನು ಜರ್ಮನಿಯಿಂದ ತಂದ ಮೊಟ್ಟೆಯಿಂದ ಬೆಳೆಸಿ 1884ರಲ್ಲಿ ಇದೇ ಬಾಲ್ಡ್‌ವಿನ್ ಹೊಳೆಗೆ ಬಿಟ್ಟರು. ಸಾಲ್ಮನ್ ಬಂದದ್ದು 1960ರ ದಶಕದಲ್ಲಿ, ಪೆಸಿಫಿಕ್ ಕರಾವಳಿಯಿಂದ.

ನಿನಗೆ ಏಳು ವರ್ಷವಿದ್ದಾಗ ಶೃಂಗೇರಿಗೆ ಹೋಗಿದ್ದೆವು. ಮೆಟ್ಟಿಲ ಕೆಳಗೆ ತುಂಗೆಯಲ್ಲಿ ದೊಡ್ಡ ದೊಡ್ಡ ಮೀನು. ಮಂಡಕ್ಕಿ ಹಾಕಿದೆ, ಕೈಗೇ ಬಂದವು. ಇವು ದೇವರ ಮೀನು, ಯಾರೂ ಮುಟ್ಟುವುದಿಲ್ಲ ಅಂತ ನಾನು ಅಂದೆ. "ಹಾಗಾದ್ರೆ ನಮ್ಮ ಬಾಲ್ಡ್‌ವಿನ್ ನದಿಗೆ ಯಾವ ದೇವರು ಅಪ್ಪಾ?" ಅಂದೆ ನೀನು. ಎಲ್ಲರೂ ನಕ್ಕರು. ಆ ಪ್ರಶ್ನೆ ನನ್ನ ತಲೆಯಲ್ಲಿ ಹಾಗೇ ಉಳಿದಿದೆ. ಈ ಪತ್ರ ಅದಕ್ಕೇ ಉತ್ತರ ಅಂದುಕೋ.

2020ರ ಅಕ್ಟೋಬರ್ ನೆನಪಿದೆಯಾ? ನಿನಗೆ ಹನ್ನೆರಡು. ಬಾಲ್ಡ್‌ವಿನ್ ಪಕ್ಕದ ಪೀರ್ ಮಾರ್ಕೆಟ್ (Pere Marquette) ನದಿಯಲ್ಲಿ ಸೊಂಟದ ತನಕ ನೀರಿನಲ್ಲಿ ನಿಂತಿದ್ದೆವು. ದಡದ ಮೇಲಿನ ಮನೆಯಿಂದ ಒಬ್ಬ ಬಂದು ಕೂಗಾಡಿದ. ಇದು ನನ್ನ ಜಾಗ, ಎದ್ದು ಹೋಗಿ ಅಂದ. ನೀನು ಹಿಂದಿನಿಂದ ನನ್ನ ಜಾಕೆಟ್ ಹಿಡಿದುಕೊಂಡೆ. ನನಗೂ ಕೈ ನಡುಗಿತು. ಪೌರತ್ವ ಬಂದು ಎರಡು ವರ್ಷ ಆಗಿತ್ತು, ಆದರೂ ಆ ಗಳಿಗೆಯಲ್ಲಿ ನಾನು ಯಾರದೋ ಮನೆಗೆ ಕರೆಯದೆ ಬಂದವನ ಹಾಗೆ ಆಗಿಹೋದೆ. ಗಾಳ ಸುತ್ತಿಕೊಂಡೆ. ಆಗ ಕೆಳಗಡೆ ನಿಂತಿದ್ದ ಮುದುಕರು ತಲೆ ಎತ್ತಿ ಒಂದೇ ಮಾತು ಹೇಳಿದರು: "ಅವರು ನೀರಿನಲ್ಲಿದ್ದಾರೆ." ಆ ಮನುಷ್ಯ ಗೊಣಗಿಕೊಂಡು ಒಳಗೆ ಹೋದ.

ಆಮೇಲೆ ಅವರು ತಮ್ಮ ಪಿಕಪ್‌ನ ಹಿಂದೆ ಕೂತು ನಮಗೆ ಕಾಫಿ ಕೊಟ್ಟು ಕತೆ ಹೇಳಿದರು. ನೀನು ಆಗ ಅವರ ನಾಯಿಯ ಜೊತೆ ಆಡುತ್ತಿದ್ದೆ, ಅದಕ್ಕೆ ಮತ್ತೆ ಹೇಳುತ್ತೇನೆ. ಆ ಜಾಗ ಇರುವ ಲೇಕ್ ಕೌಂಟಿಯಲ್ಲೇ ಪೈನ್ ಅಂತ ಇನ್ನೊಂದು ನದಿ ಇದೆ. ಅದರ ಎರಡೂ ದಡದ ಜಮೀನು ಕಾಲಿನ್ಸ್ ಎಂಬವನದು. ಗೆರ್‌ಹಾರ್ಟ್ ಎಂಬವನು ನೀರಿನಲ್ಲೇ ನಡೆದು ಅಲ್ಲಿ ಮೀನು ಹಿಡಿದ. ಕಾಲಿನ್ಸ್ ಕೋರ್ಟಿಗೆ ಹೋದ. ಮಿಶಿಗನ್ ಸುಪ್ರೀಂ ಕೋರ್ಟ್ 1926ರಲ್ಲಿ ತೀರ್ಪು ಕೊಟ್ಟಿತು. ಹಿಂದೆ ಮರದ ದಿಮ್ಮಿಗಳನ್ನು ತೇಲಿಸಿದ ನದಿ ಅದು. ಅಂಥ ನೀರು ಎಲ್ಲರದು. ದಡ ಯಾರದೇ ಇರಲಿ, ನೀರಿನೊಳಗೆ ಇರುವವರೆಗೆ ಯಾರು ಬೇಕಾದರೂ ಮೀನು ಹಿಡಿಯಬಹುದು. ಈ ವರ್ಷಕ್ಕೆ ಆ ತೀರ್ಪಿಗೆ ಸರಿಯಾಗಿ 100 ವರ್ಷ. ಅವತ್ತು ನಾವು ನಿಂತಿದ್ದ ಜಾಗವನ್ನು ನಮಗೆ ಕೊಟ್ಟದ್ದು ಆ ತೀರ್ಪು.

ಇನ್ನೊಂದು ವಿಷಯ. ಈ ರಾಜ್ಯದಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಾಧೀಶರನ್ನೂ ಜನರೇ ವೋಟು ಹಾಕಿ ಆರಿಸುತ್ತಾರೆ. ಆಗಲೂ ಹಾಗೇ, ಈಗಲೂ ಹಾಗೇ. ನಿನ್ನ ಲಕೋಟೆಯಲ್ಲೂ ಅವರ ಹೆಸರುಗಳಿವೆ. ಪಕ್ಷದ ಹೆಸರಿಲ್ಲದ ಭಾಗದಲ್ಲಿ ಇರುತ್ತವೆ. ಮೇಲೆ ಒಂದೇ ಖಾಲಿ ವೃತ್ತ ತುಂಬಿ ಇಡೀ ಪಕ್ಷಕ್ಕೆ ವೋಟು ಹಾಕಿದರೆ ಈ ಭಾಗಕ್ಕೆ ಅದು ಸೇರುವುದಿಲ್ಲ. ಎಷ್ಟೋ ಜನ ಅಲ್ಲಿಗೆ ನಿಲ್ಲಿಸಿ ಪೆನ್ನು ಕೆಳಗಿಡುತ್ತಾರೆ. ನೀನು ಹಾಗೆ ಮಾಡಬೇಡ. ಕಾಗದ ತಿರುಗಿಸು.

ತಿರುಗಿಸಿದರೆ ಏನಿರುತ್ತದೆ ಅನ್ನುವುದಕ್ಕೆ 2020ನ್ನೇ ಹೇಳುತ್ತೇನೆ. ಆ ನವೆಂಬರ್‌ನಲ್ಲಿ ರಾಜ್ಯ ನಟ್ಟನಡುವೆ ಸೀಳಿದ ಹಾಗಿತ್ತು. ಅಧ್ಯಕ್ಷರ ಚುನಾವಣೆಯಲ್ಲಿ ಅಂತರ 100ಕ್ಕೆ 3ರಷ್ಟೂ ಇರಲಿಲ್ಲ. ಕಾಫಿ ಕೊಟ್ಟ ಮುದುಕರ ಟೋಪಿಯ ಮೇಲಿನ ಹೆಸರು ನೋಡಿದರೆ ಅವರ ವೋಟು ಯಾರಿಗೆ ಅಂತ ಗೊತ್ತಾಗುತ್ತಿತ್ತು. ನನ್ನದು ಆ ಕಡೆ ಅಲ್ಲ ಅಂತ ಅವರಿಗೂ ಗೊತ್ತಿತ್ತು. ಅದೇ ಕಾಗದದ ಹಿಂದೆ ಒಂದು ಪ್ರಶ್ನೆ ಇತ್ತು. ಸರ್ಕಾರಿ ನೆಲದಡಿಯ ತೈಲ, ಅನಿಲದಿಂದ ಬರುವ ಹಣ ಒಂದು ನಿಧಿಗೆ ಹೋಗುತ್ತದೆ. 1976ರಲ್ಲಿ ಮಾಡಿದ್ದು. 1984ರಲ್ಲಿ ಜನರೇ ವೋಟು ಹಾಕಿ ಅದನ್ನು ಸಂವಿಧಾನದೊಳಗೆ ಸೇರಿಸಿದರು, ಬೇರೆಯವರು ಕೈ ಹಾಕದಿರಲಿ ಅಂತ. ಕಾಡು ಕೊಳ್ಳಲು, ನದಿಗೆ ಇಳಿಯುವ ದಾರಿ ಮಾಡಲು ಆ ಹಣ. ಹಣ ಹಂಚುವ ನಿಯಮ ಬದಲಿಸಬೇಕೇ ಅನ್ನುವುದು 2020ರ ಪ್ರಶ್ನೆ. ಪರಿಸರದವರಲ್ಲೇ ಒಮ್ಮತ ಇರಲಿಲ್ಲ. ಜಾಗ ಕೊಳ್ಳುವುದಕ್ಕೆ ದುಡ್ಡು ಕಡಿಮೆಯಾಗುತ್ತದೆ ಅಂತ ಕೆಲವರಿಗೆ ಭಯ. ನಾನು ಮೂರು ಸಲ ಓದಿದೆ. ಕನಿಷ್ಠ ನಾಲ್ಕನೇ ಒಂದು ಪಾಲು ನೆಲಕ್ಕೇ ಅಂತ ಬರೆದದ್ದು ಕಂಡು ಹೌದು ಅಂತ ಹಾಕಿದೆ. ಆ ಮುದುಕರೂ ಹೌದು ಅಂತ ಹಾಕಿದ್ದರಂತೆ. ಮಿಶಿಗನ್‌ನಲ್ಲಿ 100ಕ್ಕೆ 84 ಜನ ಹೌದು ಅಂದರು! ಅದೇ ದಿನ, ಅದೇ ಕಾಗದ, ಅದೇ ಜನ. ಟಿವಿಯಲ್ಲಿ ಇದನ್ನು ಯಾರೂ ಜಾಸ್ತಿ ಮಾತಾಡಲಿಲ್ಲ. ನನಗೆ ಆ ಚುನಾವಣೆಯಿಂದ ನೆನಪಿರುವುದು ಅದೇ.

ನಮ್ಮ ಊರಿನ ಕಡೆಯದೊಂದು ಹೇಳಲೇಬೇಕು. 1978ರ ನವೆಂಬರ್. ಚಿಕ್ಕಮಗಳೂರು ಲೋಕಸಭೆಗೆ ಉಪಚುನಾವಣೆ. ಇಂದಿರಾ ಗಾಂಧಿ ನಿಂತಿದ್ದರು, ಎದುರಿಗೆ ವೀರೇಂದ್ರ ಪಾಟೀಲರು. ನನಗೆ ಎಂಟು ವರ್ಷ. ಅಡಿಕೆ ಕೊಯ್ಲಿನ ಕಾಲ. ನನ್ನ ಅಜ್ಜಿ, ಅಂದರೆ ನಿನ್ನ ಮುತ್ತಜ್ಜಿ, ಅರ್ಧ ಸುಲಿದ ಅಡಿಕೆ ಬಿಟ್ಟು ಮೆಟ್ಟುಗತ್ತಿಯಿಂದ ಎದ್ದರು. ಸೀರೆ ಬದಲಿಸಿ, ನನ್ನ ಕೈ ಹಿಡಿದು ಸಂಕ ದಾಟಿ, ಶಾಲೆಯವರೆಗೆ ನಡೆದರು. ಸಾಲಿನಲ್ಲಿ ತೋಟದ ಒಡೆಯರೂ ಇದ್ದರು, ಅವರ ಆಳುಗಳೂ ಇದ್ದರು. ವಾಪಸ್ ಬರುವಾಗ "ಯಾರಿಗೆ ಹಾಕಿದೆ ಅಜ್ಜಿ?" ಅಂದೆ. "ಅದು ಪೆಟ್ಟಿಗೆಗೆ ಗೊತ್ತು" ಅಂದರು. ಅಡಿಕೆ ಚೊಗರಿಗೆ ಕಪ್ಪಾದ ಬೆರಳುಗಳ ನಡುವೆ ಶಾಯಿಯ ಬೆರಳು ಯಾವುದು ಅಂತ ನಾನು ಹುಡುಕುತ್ತಿದ್ದೆ. ಆ ಶಾಯಿ ನಮ್ಮ ಮೈಸೂರಿನಲ್ಲೇ ತಯಾರಾಗುತ್ತದೆ.

ಆಗ ಅಲ್ಲಿ ವೋಟು ಹಾಕಲು 21 ತುಂಬಬೇಕಿತ್ತು. 1989ರಲ್ಲಿ ಅದು 18 ಆಯಿತು. ಆ ನವೆಂಬರ್‌ನಲ್ಲಿ ಹಾಗೆ ವೋಟು ಹಾಕಿದ ಮೊದಲ ಹುಡುಗರಲ್ಲಿ ನಾನೂ ಒಬ್ಬ. ಮತ್ತೆ 2018ರ ನವೆಂಬರ್‌ನಲ್ಲಿ ಇಲ್ಲಿ, ಮೊದಲ ಸಲ. ಮಷಿನ್ನು ಕಾಗದ ಒಳಗೆ ಎಳೆದುಕೊಂಡಿತು. ನಾನು ತಿಳಿಯದೆಯೇ ಎಡಗೈ ಬೆರಳು ನೋಡಿಕೊಂಡೆ. ಏನೂ ಇರಲಿಲ್ಲ. ಒಂದು ಸ್ಟಿಕ್ಕರ್ ಕೊಟ್ಟರು. ನೀನು ಅದನ್ನು ನನ್ನ ಗಾಳದ ಪೆಟ್ಟಿಗೆಗೆ ಅಂಟಿಸಿದೆ. ಅರ್ಧ ಕಿತ್ತುಹೋಗಿದೆ, ಇನ್ನೂ ಇದೆ.

ಈ ದೇಶದವರು ಚುನಾವಣೆಗೆ ನವೆಂಬರ್ ತಿಂಗಳನ್ನೇ ಯಾಕೆ ಇಟ್ಟರು ಗೊತ್ತಾ? 1845ರ ಕಾನೂನು. ಕೊಯ್ಲು ಮುಗಿದಿರಬೇಕು, ದಾರಿ ಹಿಮದಲ್ಲಿ ಮುಚ್ಚಿರಬಾರದು. ಇದನ್ನು ಓದಿದಾಗ ಅಜ್ಜಿ ಮೆಟ್ಟುಗತ್ತಿಯಿಂದ ಎದ್ದದ್ದು ನೆನಪಾಯಿತು.

ಈ ಸಲ ಕಾಗದದ ಹಿಂದೆ ಒಂದು ದೊಡ್ಡ ಪ್ರಶ್ನೆ ಇದೆ. ಮಿಶಿಗನ್‌ನ ಸಂವಿಧಾನವನ್ನು ಪೂರ್ತಿ ಹೊಸದಾಗಿ ಬರೆಯಲು ಸಭೆ ಕರೆಯಬೇಕೇ? 16 ವರ್ಷಕ್ಕೊಮ್ಮೆ ಜನರನ್ನು ಇದನ್ನು ಕೇಳಲೇಬೇಕು ಅಂತ ಆ ಸಂವಿಧಾನದಲ್ಲೇ ಇದೆ. 1978, 1994, 2010ರಲ್ಲಿ ಜನ ಬೇಡ ಅಂದರು. ಮುಂದಿನ ಸಲ ಕೇಳುವುದು 2042ರಲ್ಲಿ. ಆಗ ನಿನಗೆ 34, ನನಗೆ 72. ನದಿಯ ನಿಧಿ ಇರುವುದು ಅದೇ ಸಂವಿಧಾನದಲ್ಲಿ. ಕ್ಷೇತ್ರಗಳ ಗಡಿ ಎಳೆಯುವ ಕೆಲಸವನ್ನು ರಾಜಕಾರಣಿಗಳಿಂದ ತೆಗೆದು 13 ಜನ ಸಾಮಾನ್ಯರಿಗೆ ಕೊಟ್ಟದ್ದೂ ಅದರಲ್ಲೇ ಇದೆ. ಅದು 2018ರಲ್ಲಿ ನನ್ನ ಮೊದಲ ಕಾಗದದಲ್ಲಿತ್ತು. ಹಳೆಯದನ್ನು ಉಳಿಸುವುದೋ, ಹೊಸದಾಗಿ ಬರೆಯುವುದೋ? ಎರಡಕ್ಕೂ ಒಳ್ಳೆಯ ಕಾರಣಗಳಿವೆ. ನಾನೇನು ಹಾಕಿದೆ ಅಂತ ಈಗ ಹೇಳುವುದಿಲ್ಲ. ನಿನ್ನದು ಹಾಕಿದ ಮೇಲೆ ಕೇಳು, ಹೇಳುತ್ತೇನೆ.

ಒಂದು ವೋಟಿನಿಂದ ಏನಾಗತ್ತೆ ಅಂದೆಯಲ್ಲ. ಮುದುಕರು ಅವತ್ತು ಹೇಳಿದ್ದೂ ಒಂದೇ ಮಾತು, ಪುಟ್ಟಿ.

ವೃತ್ತಗಳನ್ನು ಕಪ್ಪು ಇಲ್ಲವೇ ನೀಲಿ ಪೆನ್ನಿನಲ್ಲಿ ಪೂರ್ತಿ ತುಂಬು. ವಾಪಸ್ ಕಳಿಸುವ ಲಕೋಟೆಯ ಮೇಲೆ ಸಹಿ ಹಾಕುವುದನ್ನು ಮರೆಯಬೇಡ. ನಿನ್ನ ಡ್ರೈವಿಂಗ್ ಲೈಸೆನ್ಸಿನಲ್ಲಿರುವ ಸಹಿಯ ಹಾಗೇ ಇರಲಿ, ಹೋಲಿಸಿ ನೋಡುತ್ತಾರೆ. ನವೆಂಬರ್ 3ರ ರಾತ್ರಿ ಎಂಟರೊಳಗೆ ಕ್ಲರ್ಕ್ ಕಚೇರಿಗೆ ಮುಟ್ಟಬೇಕು. ಅಂಚೆ ನಿಧಾನ, ಈ ವಾರವೇ ಹಾಕು.

ಮುಂದಿನ ಶನಿವಾರ ಬರುತ್ತೇನೆ ಅಂದಿದ್ದೀಯ. ನಿನ್ನ ವೇಡರ್ಸ್, ಅದೇ ನೀರಿಗಿಳಿಯುವಾಗ ಹಾಕುವ ಉಡುಪು, ತೆಗೆದು ನೋಡಿದೆ. ಎಡಗಾಲಿನ ಹಿಮ್ಮಡಿಯಲ್ಲಿ ತೂತಾಗಿತ್ತು, ತೇಪೆ ಹಾಕಿ ಗ್ಯಾರೇಜಿನಲ್ಲಿ ಒಣ ಹಾಕಿದ್ದೇನೆ. ಉಣ್ಣೆ ಕಾಲುಚೀಲ ಎರಡು ಜೊತೆ ತಾ. ನೀರು ಈಗಲೇ ಕೊರೆಯುತ್ತಿದೆ. ಅಮ್ಮ ಚಿತ್ರಾನ್ನ ಕಟ್ಟಿಕೊಡುತ್ತೇನೆ ಅಂದಿದ್ದಾಳೆ. ಬೆಳಿಗ್ಗೆ ಐದಕ್ಕೆ ಹೊರಡೋಣ.

ನಿನ್ನ
ಅಪ್ಪ